ಗುಟ್ಟಿನ ಪುಟ

ಗರ್ಲ್ಸ್ ಹಾಸ್ಟೆಲ್, ಕೊಳ್ಳೇಗಾಲ
೨ ನವೆಂಬರ್ ೨೦೨೫

ಪ್ರೀತಿಯ ದೀಪಕ್ಕ,

ಫೋನಿರುವಾಗ ಕಾಗದ ಬರೆಯುತ್ತಿದ್ದೇನೆ, ಸಾರಿ. ಮಾತಾಡಲು ಹೋದರೆ ಅಳು ಬಂದು ಕಟ್ ಮಾಡಿಬಿಡುತ್ತೇನೆ. ಪಾಪುವಿನ ಜ್ವರ ಇಳಿದಿದೆ ತಾನೆ?

ಶುಕ್ರವಾರ ನಮ್ಮ ಕಾಲೇಜ್ ಲೈಬ್ರರಿಯಲ್ಲಿ ಅಪ್ಪನ ರಿಟೈರ್ಮೆಂಟ್ ಸೆಂಡ್-ಆಫ್ ಆಯಿತು. ಪೇಟ, ಹಾರ, ಶಾಲು ಎಲ್ಲ ಹಾಕಿದರು. ಪ್ರಿನ್ಸಿಪಾಲ್ ಒಂದು ಹೊಸ ಪುಸ್ತಕ ಕೊಟ್ಟು, "ಪ್ರಭುಸ್ವಾಮಿಯವರೇ, ಇದೊಂದನ್ನ ನಿಮ್ಮ ಕೈಯಿಂದಲೇ ಕ್ಯಾಟಲಾಗಿಗೆ ಸೇರಿಸಿ" ಅಂದರು. ಅಪ್ಪ ಮೊದಲ ಪುಟಕ್ಕೆ ಸೀಲು ಒತ್ತಿದರು. ಇನ್ನೊಂದು ಸೀಲು ಗುಟ್ಟಿನ ಪುಟಕ್ಕೆ. ಕದ್ದವರು ಮೊದಲ ಪುಟ ಹರಿದರೂ ಪುಸ್ತಕ ಲೈಬ್ರರಿಯದೇ ಅಂತ ಗೊತ್ತಾಗಲಿ ಎಂದು ಪ್ರತಿ ಪುಸ್ತಕದಲ್ಲೂ ಅದೇ ಒಂದು ಪುಟಕ್ಕೆ ಒತ್ತುತ್ತಾರಲ್ಲ. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಹೇಳಿದ್ದರು, ಮೂವತ್ತೇಳು.

ಅಪ್ಪ ಪುಟ ತಿರುವಿದರು. ಮುಂದೆ, ಹಿಂದೆ, ಮತ್ತೆ ಮುಂದೆ. ಸೀಲು ಹಿಡಿದ ಕೈ ಹಾಗೇ ನಿಂತಿತ್ತು. ಅಟೆಂಡರ್ ಮಾದಸ್ವಾಮಿ, "ಸಾರ್ಗೆ ಬುಕ್ ಬುಡಕ್ಕೆ ಮನ್ಸೇ ಬರ್ತಿಲ್ಲ ಕಣ್ರಿ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣೊರೆಸಿಕೊಂಡಳು. ಅಪ್ಪ ಯಾವುದೋ ಪುಟಕ್ಕೆ ಒತ್ತಿ ಪುಸ್ತಕ ಮುಚ್ಚಿದರು.

ಆಚೆ ಬಂದಮೇಲೆ ಕೇಳಿದೆ. "ಗುಟ್ಟಿನ ಪುಟ ಅಲ್ವಾ ಮಗ, ನಂಗೂ ಗುಟ್ಟಾಗೋಯ್ತು" ಅಂತ ನಕ್ಕರು. ಆಮೇಲೆ ಮೆಲ್ಲಗೆ, "ನಿಮ್ಮವ್ವಂಗೆ ಏಳ್ಬ್ಯಾಡ. ದೀಪಂಗಂತೂ ಬ್ಯಾಡ್ವೇ ಬ್ಯಾಡ. ಪಾಪುನ ನೋಡ್ಕತೀನಿ ಅಂದಿವ್ನಿ" ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ಹದಿನೈದನೇ ತಾರೀಖಿನ ಮೇಲೆ ಅಪ್ಪ ನಿಮ್ಮ ಹೊನ್ನೂರಿಗೆ ಬಂದು ಪಾಪುವನ್ನು ಅಂಗನವಾಡಿಗೆ ಬಿಟ್ಟು ಕರೆದುಕೊಂಡು ಬರುತ್ತಾರೆ, ನೀನು ಡ್ಯೂಟಿಗೆ ಹೋಗುತ್ತೀಯ. ಆ ರೋಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು. ಒಂದು ಮರೆವಿಗೆ ಇಷ್ಟು ಟೆನ್ಷನ್ ಯಾಕೆ ಅಂತೀಯ. ಐದನೇ ಕ್ಲಾಸಿಂದ ಹಾಸ್ಟೆಲಿನಲ್ಲಿದ್ದವಳು ನಾನು, ಅಪ್ಪನಿಗೆ ಯಾವುದು ನಾರ್ಮಲ್ ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ನಿನಗೆ ಗೊತ್ತಿರುತ್ತೆ. ಮೊದಲು ಡಾಕ್ಟರಿಗೆ ತೋರಿಸೋಣ. ಅಲ್ಲೀತನಕ ಪಾಪುವನ್ನು ಅಪ್ಪನೊಬ್ಬರ ಜೊತೆ ಕಳಿಸಬೇಡ, ಪ್ಲೀಸ್.

ಪಾಪುಗೆ ಮುತ್ತು. ಮಾದಪ್ಪ ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಭವ್ಯ

ತಾ.ಕ.: ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಊರಿಗೆ ಹೋಗುವ ಲೊಕ್ಕನಹಳ್ಳಿ ಬಸ್ಸು ವಿಚಾರಿಸಲು ಹೋದಾಗ ಅಪ್ಪ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಯಾವ ಇಯರಮ್ಮ ನೀನು? ಲೈಬ್ರರಿ ಕಾರ್ಡ್ ಮಾಡುಸ್ಕಂಡ್ಯಾ?" ಅಂದರು. "ಫಸ್ಟ್ ಇಯರ್ ಸಾ" ಅಂದೆ.

ಬೇಗ ಉತ್ತರ ಬರಿ ಅಕ್ಕ.