ಬಟ್ಟೆ ಜಗಿಯುತ್ತಿದ್ದ ಕತ್ತರಿ

ಅಪ್ಪಾ,

ಈಗಷ್ಟೇ ಟೀವಿಯಲ್ಲಿ ಒಂದು ವಿಚಿತ್ರ ಪತ್ತೇದಾರಿ ಧಾರಾವಾಹಿ ನೋಡಿದೆ. ಕೊಲೆ ಮಾಡಿದ್ದು ಯಾರೆಂದು ಮೊದಲ ಐದು ನಿಮಿಷದಲ್ಲೇ ತೋರಿಸಿಬಿಡುತ್ತಾರೆ. "ಇನ್ನೇನಿದೆ ನೋಡೋಕೆ?" ಅಂತ ತಮ್ಮ ಎದ್ದು ಹೋದ. ಊಹಿಸುವ ಮಜಾ ಇಲ್ಲವೆನ್ನುವುದು ನಿಜವೇ. ಆದರೂ ನಾನು ಕದಲಲಿಲ್ಲ. ಪತ್ತೇದಾರ ಏನೋ ಸಣ್ಣ ಪ್ರಶ್ನೆ ಕೇಳಿದಾಗಲೆಲ್ಲ ಕೊಲೆಗಾರನ ಬದಲು ನಾನು ಬೆವರುತ್ತಿದ್ದೆ. ಅವನು ಸಿಕ್ಕಿಬೀಳದಿರಲಿ ಎಂದೂ ಅನಿಸಿತು. ಇದೆಂಥ ಬುದ್ಧಿ ಹೇಳಿ!

ಆಗ ನಿಮ್ಮ ಹೊಲಿಗೆ ಅಂಗಡಿಯಲ್ಲಿ ನಾನು ಚಿಕ್ಕವಳಿದ್ದಾಗಿನ ಒಂದು ದಿನ ನೆನಪಾಯಿತು. "ಕತ್ತರಿ ಯಾಕೋ ಮೊಂಡಾಗಿ ಬಟ್ಟೆ ಜಗೀತಿದೆ. ಯಾರಾದ್ರೂ ಇದರಲ್ಲಿ ಕಾಗದ ಕತ್ತರಿಸಿದ್ರಾ, ಪುಟ್ಟಿ?" ಎಂದಿರಿ.

"ತಮ್ಮ ಇರ್ಬೇಕು" ಎಂದೆ.

ನೀವು ಅವನನ್ನು ಗದರಲೇ ಇಲ್ಲ. ವಾರವೆಲ್ಲ ನನ್ನನ್ನೇ ಕೇಳಿದಿರಿ. ಶಾಲೆಯಲ್ಲಿ ಕಾಗದದ ಹೂವು ಮಾಡಿಸ್ತಾರಾ? ನಿಂದು ಯಾವ ಬಣ್ಣದ್ದು? ಕೆಂಪು ಎಂದೆ, ನೆಲ ನೋಡುತ್ತಾ. ಆಮೇಲೆ ನೀವು ಕತ್ತರಿಗೆ ಸಾಣೆ ಹಿಡಿಸಲು ಹೊರಟಿರಿ. ನಿಮಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಅಷ್ಟು ದಿನ ಏನಕ್ಕೆ ಕಾದಿರಿ?

ನೀವು ಹೋದ ಮೇಲೆ ಆ ಕತ್ತರಿ ನನ್ನ ಪಾಲಿಗೆ ಬಂತು. ಇಲ್ಲೇ ಮೇಜಿನ ಮೇಲಿದೆ. ಈ ಹಾಳೆಯನ್ನು ಮಾತ್ರ ಕೈಯಲ್ಲೇ ಹರಿದುಕೊಂಡೆ.