ಎರಡನೇ ಕ್ಯಾಮೆರಾದ ಗಡಿಯಾರ

ಸ್ಟುಡಿಯೋ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಮದುವೆಯಾಗಿ ಇಷ್ಟು ವರ್ಷವಾದರೂ ಕಾಗದದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೆಂದು ನನಗೆ ಹೊಳೆಯುವುದಿಲ್ಲ. ‘ರೀ’ ಎಂದು ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗಿರುತ್ತದೆ. ಹೇಗಿದ್ದೀರಿ? ಮೊಣಕೈ ನೋವು ಇಳಿಯಿತೇ? ಆ ಪರದೇಶದ ಚಳಿಗೆ ನಾನು ಕಳಿಸಿದ ಉಣ್ಣೆಯ ಬನಿಯನ್ನು ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದು ಇನ್ನೂ ಪೆಟ್ಟಿಗೆಯಲ್ಲೇ ಬೆಚ್ಚಗೆ ಮಲಗಿದೆಯೋ? ನಿಮ್ಮ ಅಮ್ಮ ಚೆನ್ನಾಗಿದ್ದಾರೆ, ನನಗಿಂತ ಚೆನ್ನಾಗಿದ್ದಾರೆ. ಅವರ ಮಂಡಿ ನೋವು ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಬರುತ್ತದೆ, ಮದುವೆಗೆ ಹೊರಡುವ ದಿನ ಅದರ ಸುಳಿವೇ ಇರುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಪಾಪ, ಕೊನೆಯವರೆಗೂ ಕೇಳಿಸಿಕೊಳ್ಳಲೇಬೇಕು.

ನಿಮ್ಮ ಕಾಗದ ತಲುಪಿತು. ಅಂಗಡಿಯನ್ನು ಪಕ್ಕದ ದರ್ಜಿಗೆ ಬಿಟ್ಟುಕೊಟ್ಟು, ಅಮ್ಮನನ್ನು ಕರೆದುಕೊಂಡು ಈ ತಿಂಗಳೊಳಗೆ ಅಲ್ಲಿಗೇ ಬಂದುಬಿಡು ಎಂದು ಬರೆದಿದ್ದೀರಿ. ‘ಮದುವೆ ಫೋಟೋ ಒಬ್ಬಳೇ ನಿಭಾಯಿಸೋ ಕೆಲಸ ಅಲ್ಲ’ ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಕಂಪನಿಯ ಕ್ಯಾಟಲಾಗಿಗೆಂದು ಕೆಟಲ್ಲು, ಚಪ್ಪಲಿ, ಮೇಜಿನ ದೀಪಗಳ ಫೋಟೋ ತೆಗೆಯುವುದರಲ್ಲಿ ನಿಮಗೆಷ್ಟು ನೆಮ್ಮದಿ ಎಂಬುದು ನನಗೆ ಅರ್ಥವಾಗುತ್ತದೆ. ಕೆಟಲ್ಲು ಕಣ್ಣು ಮುಚ್ಚುವುದಿಲ್ಲ. ಚಪ್ಪಲಿಗೆ ದೊಡ್ಡಪ್ಪಂದಿರಿಲ್ಲ, ನನ್ನನ್ನು ಯಾಕೆ ಮೂಲೆಯಲ್ಲಿ ನಿಲ್ಲಿಸಿದಿರಿ ಎಂದು ಅದು ಮುನಿಸಿಕೊಳ್ಳುವುದೂ ಇಲ್ಲ. ಇತ್ತ ದರ್ಜಿ ದಿನಕ್ಕೊಮ್ಮೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಬಂದು ನಮ್ಮ ಗೋಡೆಯನ್ನು ಕಣ್ಣಲ್ಲೇ ಅಳೆದು ಹೋಗುತ್ತಾನೆ. ‘ಅಕ್ಕಾ, ಸಾರ್ ಏನಂದ್ರು? ನನ್ನ ಮೆಷಿನ್ನುಗಳು ಇಲ್ಲಿ ಆರಾಮಾಗಿ ಹಿಡಿಸ್ತವೆ ನೋಡಿ.’ ಇನ್ನೂ ಯೋಚನೆ ಮಾಡ್ತಾ ಇದ್ದೀನಿ ಎಂದು ಸಾಗಹಾಕುತ್ತಿದ್ದೆ. ನಿಜವಾಗಿ ನಾನು ಕಾಯುತ್ತಿದ್ದುದು ಒಂದು ಮದುವೆಗೆ. ನೀವು ಹೋದ ಮೇಲೆ ನಾನೇ ಒಪ್ಪಿಕೊಂಡ ಮೊದಲ ಮದುವೆ. ಅದು ಚೆನ್ನಾಗಿ ಬಂದರೆ ಅಂಗಡಿ ನಮ್ಮದು, ಕೆಟ್ಟರೆ ಬೀಗದ ಕೈ ದರ್ಜಿಯದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮದುವೆ ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರರ ಮಗಳದು. ಕ್ಯಾಮೆರಾ ಒಂದೇ ಇರಬೇಕು, ಎರಡಾದರೆ ಕಣ್ಣು ಕೆಡುತ್ತದೆ ಎನ್ನುವವರು ನೀವು. ನಾನು ಎರಡನ್ನೂ ಹೊತ್ತೆ. ಹತ್ತಿರದ್ದಕ್ಕೆ ಹೊಸದು, ದೂರದ್ದಕ್ಕೆ ಉದ್ದ ಲೆನ್ಸು ಹಾಕಿದ ಹಳೆಯದು, ಒಂದೊಂದು ಹೆಗಲಿಗೆ ಒಂದೊಂದು. ಮುಖದ ಮೇಲೆ ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿಯಲು ನಿಮ್ಮ ಅಮ್ಮ ಬಂದರು. ಬೇಡವೆಂದರೆ ಕೇಳಬೇಕಲ್ಲ! ‘ನಿನ್ನ ಗಂಡ ತೊಟ್ಟಿಲಲ್ಲಿದ್ದಾಗ ಕಿಟಕಿಗೆ ಬಟ್ಟೆ ಕಟ್ಟಿ ಬಿಸಿಲು ತಿರುಗಿಸ್ತಿದ್ದೋಳು ನಾನು, ಇದೇನು ಮಹಾ’ ಎಂದರು. ಹಲಗೆಯನ್ನು ಎತ್ತಿ ಹಿಡಿದು ನಿಂತರೆ ನೆಂಟರೆಲ್ಲ ಅವರಿಗೆ ದಾರಿ ಬಿಡುತ್ತಿದ್ದರು. ಯಾರೋ ಒಬ್ಬರು ನಮಸ್ಕಾರವನ್ನೂ ಮಾಡಿದರು. ನೀವಾದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗಲ್ಲ ಎತ್ತಿಸಿ, ‘ಎಲ್ಲಿ, ಒಂದ್ಸಲ ನಗಿ’ ಎನ್ನುತ್ತಿದ್ದಿರಿ. ನಾನೂ ಬೇಕಾದಷ್ಟು ಸಾಲು ನಿಲ್ಲಿಸಿದೆ, ಕೆಲಸ ಕೆಲಸವೇ. ಆದರೆ ಈ ಹಿಂದಿನ ಕೋಣೆಯಲ್ಲಿ ಕೂತು ವರ್ಷಾನುಗಟ್ಟಲೆ ಆಲ್ಬಮ್ ಜೋಡಿಸಿದವಳು ನಾನು. ಹತ್ತು ವರ್ಷದ ಮೇಲೆ ಜನ ಬಂದು ಇನ್ನೊಂದು ಪ್ರತಿ ಕೊಡಿ ಎಂದು ಕೇಳುವುದು ವೇದಿಕೆಯ ಫೋಟೋ ಅಲ್ಲ. ಅದರ ಅಂಚಿನಲ್ಲಿ ಅಕಸ್ಮಾತ್ತಾಗಿ ಸಿಕ್ಕಿಕೊಂಡ ಅಜ್ಜಿಯದು, ಕುರ್ಚಿಯಲ್ಲಿ ನಿದ್ದೆ ಹೋದ ಮಾವನದು. ಅಂಥವನ್ನು ನಾನು ಬೇಕೆಂದೇ ಹುಡುಕಿದೆ. ಸಂಜೆ ಹೊತ್ತಿಗೆ ಹೆಗಲು ಬಿದ್ದುಹೋಗಿತ್ತು, ಆದರೆ ಕೆಲಸ ಕೈ ಹತ್ತಿದೆ ಎಂಬುದು ಒಳಗೇ ಗೊತ್ತಾಗಿತ್ತು.

ಮುಂದಿನ ವಾರ ಹುಡುಗಿ, ಅವಳ ಅಪ್ಪ, ಚಿಕ್ಕಮ್ಮ ಮೂವರೂ ಫೋಟೋ ನೋಡಲು ಬಂದರು. ಮುಂದಿನ ಕೋಣೆಯ ಪರದೆ ಎಳೆದು, ದೊಡ್ಡ ಸ್ಕ್ರೀನು ಹಾಕಿ, ಎರಡೂ ಕ್ಯಾಮೆರಾದ ಚಿತ್ರಗಳನ್ನು ಸೇರಿಸಿ, ಸಮಯದ ಪ್ರಕಾರ ಜೋಡಿಸು ಎಂದು ಕಂಪ್ಯೂಟರಿಗೆ ಹೇಳಿ ಕಾಲ ಮೇಲೆ ಕಾಲು ಹಾಕಿ ಕೂತೆ. ಮೊದಲು ನೋಡಿಕೊಳ್ಳಲೂ ಇಲ್ಲ, ಅಷ್ಟು ಧೈರ್ಯ! ಮೊದಲನೇ ಚಿತ್ರದಲ್ಲಿ ಹುಡುಗಿ ಅರ್ಧ ಜಡೆಯಲ್ಲಿ ಕನ್ನಡಿಯ ಮುಂದೆ ಕೂತಿದ್ದಾಳೆ. ಎರಡನೆಯದರಲ್ಲಿ ಗಂಡನ ಜೊತೆ ಕಾರು ಹತ್ತುತ್ತಿದ್ದಾಳೆ. ಮೂರನೆಯದರಲ್ಲಿ ಮತ್ತೆ ಅರ್ಧ ಜಡೆ. ನೆಂಟರು ಐಸ್‌ಕ್ರೀಮ್ ತಿನ್ನುತ್ತಿದ್ದಾರೆ, ಆಮೇಲೆ ಕುರ್ಚಿ ಇನ್ನೂ ಹಾಕದ ಖಾಲಿ ಛತ್ರ. ಚಿಕ್ಕಮ್ಮ ಬಾಯಿಗೆ ಕೈ ಇಟ್ಟುಕೊಂಡು, ‘ಅಯ್ಯೋ, ಮೊದಲು ಕಳಿಸಿಕೊಟ್ಟು ಆಮೇಲೆ ಮದುವೆ ಮಾಡಿದ್ವಾ ನಾವು?’ ಎಂದರು. ಸ್ಟೇಷನ್ ಮಾಸ್ಟರು ಕನ್ನಡಕ ಸರಿಮಾಡಿಕೊಂಡು, ‘ಗಾಡಿ ಹೊರಟ ಮೇಲೆ ಟಿಕೆಟ್ ಕೊಟ್ಟಂಗಾಯ್ತಲ್ಲಮ್ಮಾ ಇದು’ ಎಂದರು. ನನಗೆ ತಕ್ಷಣ ಗೊತ್ತಾಯಿತು. ನೀವು ಹೋದ ದಿನ ಆ ಹಳೆಯ ಕ್ಯಾಮೆರಾದ ಗಡಿಯಾರವನ್ನು ನಿಮ್ಮ ಊರಿನ ಸಮಯಕ್ಕೆ ತಿರುಗಿಸಿಟ್ಟಿದ್ದೆ. ಕೆಲಸದ ನಡುವೆ ಅದನ್ನು ನೋಡಿ, ಈಗ ಎದ್ದಿರಬೇಕು, ಈಗ ಊಟಕ್ಕೆ ಕೂತಿರಬೇಕು ಎಂದುಕೊಳ್ಳುವುದು ನನ್ನ ಅಭ್ಯಾಸ. ನಿಮ್ಮ ಸಮಯ ನಮಗಿಂತ ಅರ್ಧ ದಿನದಷ್ಟು ಹಿಂದೆ. ಹಾಗಾಗಿ ದೂರದಿಂದ ತೆಗೆದ ಸಂಜೆಯ ಚಿತ್ರಗಳೆಲ್ಲ ಬೆಳಿಗ್ಗೆಯ ಸಾಲಿಗೆ ಬಂದು ನಿಂತಿದ್ದವು. ಒಂದೇ ಕ್ಯಾಮೆರಾದವರಾದ ನಿಮ್ಮ ಜೊತೆ ಕೆಲಸ ಮಾಡಿ, ಎರಡರ ಗಡಿಯಾರ ಹೊಂದಿಸಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಗೋಡೆಯ ಆಚೆ ದರ್ಜಿಯ ಮೆಷಿನ್ನಿನ ಸದ್ದು ನನ್ನ ಎದೆಯಲ್ಲೇ ಓಡಿದಂತಿತ್ತು.

ಕ್ಷಮಿಸಿ, ಈಗಲೇ ಸರಿಮಾಡುತ್ತೇನೆ ಎಂದು ಕೈ ಹಾಕುವಷ್ಟರಲ್ಲಿ ಹುಡುಗಿ ‘ಆಂಟೀ, ತಡೀರಿ’ ಎಂದಳು. ಸ್ಕ್ರೀನಿನಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಸ್ಟೇಷನ್ ಮಾಸ್ಟರು ಕಾರಿನ ಕಿಟಕಿ ಹಿಡಿದು ನಿಂತಿದ್ದಾರೆ, ಸಂಜೆ, ಕಣ್ಣು ಕೆಂಪಗೆ. ಇನ್ನೊಂದರಲ್ಲಿ ಅದೇ ಮನುಷ್ಯ ಬೆಳಿಗ್ಗೆ ಬಚ್ಚಲಿನ ಕನ್ನಡಿಯೆದುರು, ಕೆನ್ನೆಗೆ ಅರ್ಧ ನೊರೆ, ಕೈಯಲ್ಲಿ ರೇಜರು, ಕಣ್ಣು ಅದೇ ಕೆಂಪಗೆ. ನಾನು ಬಾಗಿಲ ಸಂದಿಯಿಂದ ತೆಗೆದದ್ದು. ತೆಗೆಯುವಾಗ ಬೆಳಕನ್ನಷ್ಟೇ ನೋಡಿದ್ದೆ. ಅವರು ಮದುವೆಯ ದಿನವಿಡೀ ಎಲ್ಲರನ್ನೂ ಗದರಿಸಿಕೊಂಡು ಓಡಾಡಿದ್ದರು. ಕಾರು ಹೊರಡುವವರೆಗೂ ಕಲ್ಲಿನ ಹಾಗಿದ್ದರು ಎಂದೇ ಮನೆಯವರೆಲ್ಲ ಮಾತಾಡಿಕೊಂಡಿದ್ದರಂತೆ. ಹುಡುಗಿ ಮೆಲ್ಲಗೆ, ‘ಅಪ್ಪಾ, ಬೆಳಿಗ್ಗೇನೇ ಅತ್ತಿದ್ದೀರಾ ನೀವು?’ ಎಂದಳು. ‘ಸೋಪು ಹೋಗಿತ್ತು ಕಣ್ಣಿಗೆ’ ಎಂದರು ಅವರು. ಚಿಕ್ಕಮ್ಮ ಬಿಡುತ್ತಾರೆಯೇ? ‘ಭಾವ, ಸೋಪು ಕಾರಿನ ಹತ್ತಿರಾನೂ ಬಂದಿತ್ತಾ?’ ಎಲ್ಲರೂ ನಕ್ಕರು, ಅವರೂ ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿ ಅಪ್ಪನ ಭುಜಕ್ಕೆ ತಲೆಯಾನಿಸಿ ಕೂತಳು. ಆ ಕ್ಷಣ ಕ್ಯಾಮೆರಾ ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು, ಮುಟ್ಟಲಿಲ್ಲ. ಯಾವುದನ್ನು ತೆಗೆಯಬಾರದು ಎಂಬುದೂ ಈ ಕಸುಬಿನ ಒಂದು ಭಾಗ ತಾನೇ.

ಗಡಿಯಾರ ಸರಿಪಡಿಸುವುದು ಕಂಪ್ಯೂಟರಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಎಲ್ಲ ಚಿತ್ರಗಳೂ ತಂತಮ್ಮ ಜಾಗಕ್ಕೆ ಹೋದವು, ಮದುವೆ ಮದುವೆಯ ಹಾಗೆ ಕಂಡಿತು, ಮೂವರೂ ಸಂತೋಷವಾಗಿ ನೋಡಿದರು. ಆ ಎರಡನ್ನು ಮಾತ್ರ ಆಲ್ಬಮಿನಲ್ಲಿ ಎದುರುಬದುರು ಪುಟದಲ್ಲೇ ಇಡಬೇಕೆಂದು ಹುಡುಗಿ ಹಟ ಹಿಡಿದಳು. ಕವಿತೆ ಓದುವ ನನ್ನ ಚಟವನ್ನು ನೀವು ಗೇಲಿ ಮಾಡುತ್ತೀರಿ. ಆದರೆ ಎಲ್ಲೋ ಇರಬೇಕಾದ ಸಾಲು ಇನ್ನೆಲ್ಲೋ ಬಂದು ಕೂತಾಗ ಇದ್ದಕ್ಕಿದ್ದಂತೆ ಎರಡೂ ಮಾತಾಡತೊಡಗುವುದನ್ನು ಕವಿತೆಯಲ್ಲಿ ಎಷ್ಟು ಸಲ ಕಂಡಿದ್ದೇನೆ! ನೀವಾಗಿದ್ದರೆ ಆ ಬಚ್ಚಲಿನ ಚಿತ್ರವನ್ನು ಅವತ್ತೇ ಅಳಿಸುತ್ತಿದ್ದಿರಿ, ನೊರೆ ಮುಖ ಯಾರಿಗೆ ಬೇಕು ಎಂದು. ಇದು ದೂರಲ್ಲ. ನಿಮ್ಮ ಕಣ್ಣು ಒಂದು ಬಗೆ, ನನ್ನದು ಇನ್ನೊಂದು ಬಗೆ. ಇಷ್ಟು ದಿನ ನನ್ನದು ಆಲ್ಬಮಿನ ಹಿಂದೆ ಇತ್ತು, ಅಷ್ಟೇ. ಹೊರಡುವಾಗ ಚಿಕ್ಕಮ್ಮ ತಮ್ಮ ಮಗನ ಮದುವೆಗೂ ನಾನೇ ಬರಬೇಕೆಂದರು. ‘ಆ ಹಲಗೆ ಹಿಡ್ಕೊಂಡಿದ್ದ ದೊಡ್ಡೋರೂ ಬರ್ತಾರೆ ತಾನೇ?’ ನಿಮ್ಮ ಅಮ್ಮ ಒಳಗಿನಿಂದಲೇ, ‘ಸೀರೆ ಯಾವ ಬಣ್ಣದ್ದು ಉಡ್ಲಿ ಅಂತ ಮೊದಲೇ ಹೇಳಿ!’ ಎಂದು ಕೂಗಿದರು.

ಅಮ್ಮ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಊಟ ಬಿಡಬೇಡ, ಒಬ್ಬನೇ ಇದ್ದೀನಿ ಅಂತ ಮೂರು ದಿನದ್ದನ್ನು ಒಂದೇ ಸಲ ಬೇಯಿಸಿಡಬೇಡ ಎನ್ನುತ್ತಿದ್ದಾರೆ. ಕೈ ಬಿಸಿನೀರಲ್ಲಿ ಅದ್ದಿ, ಬನಿಯನ್ ಹಾಕಿಕೊಳ್ಳಿ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ನಿಲ್ಲಿಸುತ್ತೇನೆ.

ಎಂದೂ ನಿಮ್ಮವಳೇ ಆದ,
ಇವಳು

ಮರೆತಿದ್ದೆ: ದರ್ಜಿಗೆ ಇವತ್ತು ಬೆಳಿಗ್ಗೆ, ಅಂಗಡಿ ಕೊಡುವುದಿಲ್ಲ ಎಂದು ಹೇಳಿಬಿಟ್ಟೆ. ನಾವು ಅಲ್ಲಿಗೆ ಬರುವುದಿಲ್ಲ. ನೀವು ಇಲ್ಲಿಗೆ ಬನ್ನಿ. ಮದುವೆಗಳು ಶುರುವಾಗುವ ಮುಂಚೆ ಬಂದರೆ ಒಳ್ಳೆಯದು, ನನಗೆ ಇನ್ನೊಬ್ಬ ಫೋಟೋಗ್ರಾಫರ್ ಬೇಕು. ಆದರೆ ಛತ್ರದಲ್ಲಿ ನಾನು ಹೇಳಿದ ಕಡೆ ನಿಲ್ಲಬೇಕು. ಜಗಳವೇನಿದ್ದರೂ ಮನೆಗೆ ಬಂದ ಮೇಲೆ.