ನಿಲ್ಲಿಸು ಎನ್ನುವ ಯಂತ್ರ

ಸಿಂಧನೂರು
ಬುಧವಾರ, ೯ ಸೆಪ್ಟೆಂಬರ್ ೧೯೯೮

ಲಿಂಗಸುಗೂರಿನಲ್ಲಿರುವ ಯಂಕೋಬ ಅವರಿಗೆ ಸೂಗಮ್ಮನ ನಮಸ್ಕಾರ.

ಮೊದಲು ‘ಯಜಮಾನರಿಗೆ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಹೊಸ ಹಾಳೆ ತೆಗೆದುಕೊಳ್ಳಲಿಲ್ಲ, ಹೊಡೆದು ಹಾಕಿದ್ದು ನಿಮಗೆ ಕಾಣಲಿ ಎಂದೇ. ಬೆಳಿಗ್ಗೆ ಎಸ್.ಟಿ.ಡಿ. ಬೂತಿನಿಂದ ಎರಡು ಸಲ ಫೋನ್ ಮಾಡಿದೆ. ನಾನು ಹೆಸರು ಹೇಳುವಷ್ಟರಲ್ಲಿ ಇಟ್ಟುಬಿಟ್ಟಿರಿ. ಬೂತಿನ ಚಾಂದ್‌ಪಾಷಾ ಎರಡನೇ ಸಲ ದುಡ್ಡು ತೆಗೆದುಕೊಳ್ಳಲಿಲ್ಲ, “ಬಿಡ್ರೀ ಅಕ್ಕಾರ, ಲೈನ್ ಸರಿ ಇಲ್ಲ” ಅಂದ. ಲೈನ್ ಚೆನ್ನಾಗಿಯೇ ಇತ್ತು. ಅಂಚೆಗೆ ಹಾಕಿದರೆ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ, ಅದಕ್ಕೇ ಇದನ್ನು ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಉಸ್ಮಾನ್‌ಸಾಬರ ಕೈಗೆ ಕೊಡುತ್ತಿದ್ದೇನೆ. ನಿಮ್ಮ ಕಂಪ್ಯೂಟರ್ ಅಂಗಡಿ ಅವರಿಗೆ ಗೊತ್ತು. ಓದದೆ ಹರಿದು ಹಾಕಬೇಡಿ. ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ, ಇದು ಬೇರೆಯವರ ಜೀವದ ಮಾತು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸೋಮವಾರದೊಳಗೆ ಸಿಂಧನೂರಿಗೆ ಬನ್ನಿ. ನಮ್ಮ ನರ್ಸಿಂಗ್ ಶಾಲೆಯ ಹುಡುಗಿಯರಿಗೆ ನೀವು ಮಾಡಿಕೊಟ್ಟ ಕೈಯಂತ್ರಗಳಲ್ಲಿ ಒಂದು ಔಷಧಿಗೆ ಹಾಕಿರುವ ಬೀಗ ತೆಗೆಯಿರಿ. ಒಂದೇ ಔಷಧಿ, ಅಟ್ರೋಪಿನ್. ಉಳಿದದ್ದೆಲ್ಲ ಹಾಗೇ ಇರಲಿ.

ಆ ಯಂತ್ರವನ್ನು ಆರಿಸಿದವಳು ನಾನೇ. ಜೂನ್ ತಿಂಗಳಲ್ಲಿ ಶಾಲೆಯ ಅಧ್ಯಕ್ಷರು ಮೂರು ಯಂತ್ರಗಳನ್ನು ಮೇಜಿನ ಮೇಲಿಟ್ಟು, ಹಿರಿಯ ಟ್ಯೂಟರ್ ನೀವೇ ಹೇಳಿ ಅಂದಿದ್ದರು. ಒಂದು ಹೊರದೇಶದ್ದು, ಗಾಜಿನ ಮೇಲೆ ಕಡ್ಡಿಯಿಂದ ಚುಚ್ಚಿ ಚುಚ್ಚಿ ಬರೆಯುವಂಥದ್ದು. ದೊಡ್ಡ ದೊಡ್ಡ ಡಾಕ್ಟರುಗಳು ಬರೆದ ಔಷಧಿಕೋಶವೇ ಅದರೊಳಗಿತ್ತು. ಬೆಲೆ ಕೇಳಿದ ಮೇಲೆ ಅಧ್ಯಕ್ಷರು ಅದನ್ನು ಮುಟ್ಟುವುದನ್ನೂ ಬಿಟ್ಟರು. ಇನ್ನೊಂದು ಬರೀ ಡಿಜಿಟಲ್ ಡೈರಿ, ಬೀಗರ ಫೋನ್ ನಂಬರು ಇಟ್ಟುಕೊಳ್ಳಲು ಸರಿ. ಮೂರನೆಯದು ನಿಮ್ಮದು, ಕ್ಯಾಲ್ಕುಲೇಟರಿಗಿಂತ ಸ್ವಲ್ಪ ಉದ್ದದ ಪಾಕೆಟ್ ಕಂಪ್ಯೂಟರಿಗೆ ನೀವೇ ಪ್ರೋಗ್ರಾಂ ಬರೆದು ತುಂಬಿದ್ದು. ರೋಗಿಯ ತೂಕ ಒತ್ತಿದರೆ ಎಷ್ಟು ಕೊಡಬೇಕೆಂದು ಹೇಳುತ್ತದೆ, ಕೊಟ್ಟದ್ದನ್ನೆಲ್ಲ ಕೂಡಿಸಿಕೊಳ್ಳುತ್ತದೆ, ಮಿತಿ ಮುಟ್ಟಿದರೆ ಕೀಕೀ ಎಂದು ಕೂಗಿ ‘ನಿಲ್ಲಿಸು’ ಅನ್ನುತ್ತದೆ. ಅಕ್ಷರ ಇಂಗ್ಲಿಷಿನದಾದರೂ ಮಾತು ಕನ್ನಡ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ನಮ್ಮ ಹುಡುಗಿಯರಿಗೆ ಅದು ಹೇಳಿ ಮಾಡಿಸಿದಂತಿತ್ತು.

ಸಭೆಯಲ್ಲಿ ಅದನ್ನೇ ಕಾರಣ ಕೊಟ್ಟೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಯಂತ್ರ ನಿಮ್ಮದಾದರೆ ಅದನ್ನು ಕಲಿಸಿಕೊಡಲು ನೀವು ಬರಲೇಬೇಕಾಗುತ್ತದೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಬಂದಿರಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಎಲ್ಲರೆದುರು ನನ್ನನ್ನು ‘ಮೇಡಂ’ ಅಂದಿರಿ. ಚಹಾ ಕೊಟ್ಟರೆ ಸಕ್ಕರೆ ಬೇಡ ಅಂದಿರಿ. ಸಕ್ಕರೆ ಯಾವಾಗ ಬಿಟ್ಟಿರಿ, ಯಾರು ಬಿಡಿಸಿದರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವತ್ತು ಮನೆಗೆ ಹೋಗಿ ಅತ್ತೆ.

ಆ ದಿನ ಹುಡುಗಿಯರಿಗೆ ನೀವು ಹೇಳಿದ್ದು ನೆನಪಿದೆಯೇ? “ಇದು ಒಮ್ಮಿ ನಿಲ್ಲಿಸು ಅಂದ್ರ ಮುಗೀತು, ಮರುದಿನ ಮುಂಜಾನಿತನಕ ಆ ಔಷಧಕ್ಕ ಬೀಗ. ನಿಮ್ಮ ಕೈ ತಪ್ಪಿದ್ರೂ ಇದು ತಪ್ಪಂಗಿಲ್ಲ” ಅಂದಿರಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಬೀಗ ಯಾರ ಸಲುವಾಗಿ ಹುಟ್ಟಿತೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಮಸ್ಕಿಯ ಆ ದವಾಖಾನೆಯಲ್ಲಿ ದೊಡ್ಡವರಿಗೆ ಕೊಡುವಷ್ಟು ಔಷಧಿಯನ್ನು ಒಬ್ಬ ನರ್ಸು ನೋಡದೆ ಚುಚ್ಚಿದ್ದರಿಂದ ನಮ್ಮ ದ್ಯಾವಪ್ಪ ಹೋದ. ನಾನು ಸಿಂಧನೂರಿನಲ್ಲಿ ಡ್ಯೂಟಿಯ ಮೇಲಿದ್ದೆ. ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಮೈಮೇಲಿನ ಬಿಳಿ ಸೀರೆ ನೋಡಿ ನೀವು ಮುಖ ತಿರುಗಿಸಿ, “ನೀವೆಲ್ಲಾ ಒಂದ” ಅಂದಿರಿ. ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ನಿಮ್ಮ ನೋವಿಗೆ ನಾನು ಎದುರಾಡುವುದಿಲ್ಲ. ಅವನು ನನಗೂ ಮಗನೇ.

ಆದರೆ ಅಟ್ರೋಪಿನ್ ಮಾತು ಬೇರೆ. ಈ ವರ್ಷ ನೆಲ್ಲಿಗೆ ಜಿಗಿ ಹುಳು ಬಿದ್ದು, ಗೊರೇಬಾಳದಿಂದ ಬಳಗಾನೂರಿನವರೆಗೆ ಗದ್ದೆ ಗದ್ದೆಗೂ ಕೀಟನಾಶಕದ ಎಣ್ಣೆ ಹೊಡೆಯುತ್ತಿದ್ದಾರೆ. ಗಾಳಿ ಊರ ಕಡೆ ತಿರುಗಿದೆ. ಅಕ್ಕಿ ಮಿಲ್ಲುಗಳ ಹೊಟ್ಟಿನ ವಾಸನೆಯನ್ನೂ ಮೀರಿ ಅದೇ ವಾಸನೆ. ಕಾಲುವೆ ದಂಡೆಯಲ್ಲಿ ಕೊಕ್ಕರೆಗಳು ಕೂಡುತ್ತಿಲ್ಲ, ಸಂಜೆಯಾದರೆ ಕಪ್ಪೆಗಳ ಗದ್ದಲವಿಲ್ಲ. ಇಷ್ಟು ಸದ್ದಿಲ್ಲದ ಮಳೆಗಾಲವನ್ನು ನಾನು ಕಂಡಿಲ್ಲ, ನನಗೆ ಹೆದರಿಕೆಯಾಗುತ್ತಿದೆ. ಬರಿಮೈಯಲ್ಲಿ ಹೊಡೆಯುವವರು, ಅದೇ ಕೈಯಲ್ಲಿ ರೊಟ್ಟಿ ಮುರಿಯುವವರು, ಜೀವ ಬೇಸರವಾಗಿ ಅದನ್ನೇ ಕುಡಿಯುವವರು, ಎಲ್ಲರೂ ಕೊನೆಗೆ ಬರುವುದು ನಮ್ಮ ಶಾಲೆಯ ದವಾಖಾನೆಯ ಬಾಗಿಲಿಗೆ. ಆ ವಿಷ ಇಳಿಸುವ ಅಟ್ರೋಪಿನ್ ಅನ್ನು ಅವರಿಗೆ ಕೊಡುವುದು ಮಿತಿ ನೋಡಿ ಅಲ್ಲ, ಮನುಷ್ಯನನ್ನು ನೋಡಿ. ಬಾಯಿಯ ಜೊಲ್ಲು ಒಣಗಬೇಕು, ಎದೆಯೊಳಗಿನ ಗೊರಗೊರ ನಿಲ್ಲಬೇಕು, ಅಲ್ಲಿಯವರೆಗೆ ಒಂದರ ಮೇಲೊಂದು ಕೊಡುತ್ತಲೇ ಇರಬೇಕು. ನೀವು ಹಾಕಿದ ಮಿತಿ ಪುಸ್ತಕದಲ್ಲಿರುವುದೇ. ಆಪರೇಷನ್ನಿಗೆ ಮೊದಲು ಕೊಡುವಾಗ ಅದು ಸರಿ. ಎಣ್ಣೆ ಮೈಗೇರಿದವನಿಗೆ ಅಲ್ಲಿಗೇ ನಿಲ್ಲಿಸಿದರೆ ಅವನು ತನ್ನ ಜೊಲ್ಲಿನಲ್ಲೇ ಉಸಿರುಗಟ್ಟಿ ಸಾಯುತ್ತಾನೆ.

ಮೊನ್ನೆ ಸೋಮವಾರ ಮಧ್ಯಾಹ್ನ ಹಾಗೇ ಆಗುವುದಿತ್ತು. ಗೊರೇಬಾಳದ ಪಂಪಣ್ಣ ಎಂಬ ಕೂಲಿಯವನನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಬೆಳಿಗ್ಗೆಯಿಂದ ಗಾಳಿಗೆ ಎದುರಾಗಿ ಎಣ್ಣೆ ಹೊಡೆದಿದ್ದನಂತೆ. ಡಾಕ್ಟರು ರಾಯಚೂರಿಗೆ ಹೋಗಿದ್ದರು. ಇಂಥ ರೋಗಿ ಬಂದರೆ ನನಗಾಗಿ ಕಾಯದೆ ಅಟ್ರೋಪಿನ್ ಶುರು ಮಾಡಿ, ಬಾಯಿ ಒಣಗುವತನಕ ಬಿಡಬೇಡಿ ಎಂದು ಅವರು ಮೊದಲಿನಿಂದಲೂ ಹೇಳಿಟ್ಟಿದ್ದಾರೆ. ಎರಡನೇ ವರ್ಷದ ಕನಕಮ್ಮ ಶುರು ಮಾಡಿದಳು, ಕೊಟ್ಟದ್ದನ್ನು ಪ್ರತಿ ಸಲವೂ ಯಂತ್ರದಲ್ಲಿ ಒತ್ತಿದಳು. ಯಂತ್ರ ‘ನಿಲ್ಲಿಸು’ ಅಂದಿತು, ನಿಲ್ಲಿಸಿದಳು. ಪಂಪಣ್ಣನ ಹೆಂಡತಿ ಯಮನೂರಮ್ಮ, “ಯಾಕ ಬಿಟ್ಟಿ ಯವ್ವಾ, ಇನ್ನೂ ಗೊರಗೊರ ಅನ್ನಾಕತ್ತಾನ” ಅಂದರೆ, “ಮಷೀನ್ ಸಾಕು ಅಂತದ ಬೇ” ಅಂದಳಂತೆ. ಹೆದರಿಕೆಯಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ಹೇಳಿದ ಮಾತು ಕೇಳುವ ಹುಡುಗಿ ಅವಳು. ಸಿರಿಂಜನ್ನು ಟ್ರೇಯಲ್ಲಿ ನೆಟ್ಟಗೆ ಇಟ್ಟು, ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದಳು. ಪಂಪಣ್ಣನ ತುಟಿ ನೀಲಿಗಟ್ಟುತ್ತಿತ್ತು.

ಅಷ್ಟರಲ್ಲಿ ಒಳಗೆ ಬಂದ ಒಬ್ಬ ಸಿಸ್ಟರ್ ಯಂತ್ರವನ್ನು ಕಿಟಕಿಯಲ್ಲಿಟ್ಟು ತಾನೇ ಕೊಡಲು ನಿಂತಳು. ಒಡೆದ ಆಂಪೂಲುಗಳಿಂದ ಟ್ರೇ ತುಂಬಿತು. ಅವನ ಬಾಯಿ ಒಣಗಿತು. ಪಂಪಣ್ಣ ಬದುಕಿದ್ದಾನೆ, ಇವತ್ತು ಗಂಜಿ ಕುಡಿದನಂತೆ.

ಇದನ್ನು ಕೇಳಿ ಅಧ್ಯಕ್ಷರು ಸಂತೋಷಪಡುತ್ತಾರೆಂದು ನಾವು ತಿಳಿದಿದ್ದೆವು. “ಮಷೀನ್ ಒಂದ್ ಹೇಳ್ತದ, ನರ್ಸ್ ಒಂದ್ ಮಾಡ್ತಾಳ ಅಂದ್ರ ನಾಳಿ ಕೋರ್ಟಿನ್ಯಾಗ ನಾ ಏನ್ ಹೇಳ್ಲಿ?” ಅಂದರು. ಮಾಡಿದ್ದು ಸರಿ ಎಂದು ವಾರ್ಡಿನಲ್ಲಿ ಬೆನ್ನು ತಟ್ಟಿದ್ದ ಡಾಕ್ಟರು, ಅಧ್ಯಕ್ಷರ ಕೋಣೆಯಲ್ಲಿ ತಮ್ಮ ಚಪ್ಪಲಿ ನೋಡುತ್ತಾ ಕೂತರು. ಈಗ ಹೊಸ ನಿಯಮವಾಗಿದೆ. ಯಂತ್ರ ನಿಲ್ಲಿಸು ಅಂದ ಮೇಲೆ ಯಾವ ಹುಡುಗಿಯೂ ಸೂಜಿ ಮುಟ್ಟುವಂತಿಲ್ಲ. ಮುಟ್ಟಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ.

ಬರುವ ಸೋಮವಾರ ಹುಡುಗಿಯರಲ್ಲಿ ಮೊದಲನೆಯವಳಾಗಿ ಕನಕಮ್ಮ ಬಳಗಾನೂರಿಗೆ ಡ್ಯೂಟಿಗೆ ಹೋಗುತ್ತಾಳೆ. ನಮ್ಮ ಸಂಸ್ಥೆಯವರು ಅಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದಾರೆ. ಡಾಕ್ಟರು ವಾರಕ್ಕೊಮ್ಮೆ ಹೋಗುತ್ತಾರೆ, ಸುತ್ತ ಇರುವುದೆಲ್ಲ ಹುಳು ಬಿದ್ದ ಗದ್ದೆ. ನಿನ್ನೆ ಸಂಜೆ ಅವಳು ನನ್ನ ಮನೆಗೆ ಬಂದಿದ್ದಳು. “ಮೇಡಂ, ಅದು ನಿಲ್ಲಿಸು ಅಂತದ, ಮನಷ್ಯಾ ಇನ್ನೂ ಜೊಲ್ಲು ಸುರಸಾಕತ್ಯಾನ, ಅವಾಗ ಯಾರ ಮಾತು ಕೇಳ್ಲಿ?” ಅಂದಳು. ಮನುಷ್ಯನ ಮಾತು ಕೇಳು ಅಂದೆ. “ಪರೀಕ್ಷಾ ತಪ್ಪಿದ್ರ ನಮ್ಮಪ್ಪ ಲಗ್ನ ಮಾಡಿ ಕಳಸ್ತಾನ್ರಿ” ಅಂದಳು. ಅವಳು ಯಾರ ಮಾತು ಕೇಳುತ್ತಾಳೆಂದು ನನಗೆ ಅಲ್ಲಿಗೇ ತಿಳಿಯಿತು.

ಅವಳ ಯಂತ್ರ ಇಸಿದುಕೊಂಡು ಬೀಗ ತೆಗೆಯಲು ನಾನೇ ನೋಡಿದೆ. ಗುಪ್ತಸಂಖ್ಯೆ ಕೇಳಿತು. ದ್ಯಾವಪ್ಪ ಹುಟ್ಟಿದ ತಾರೀಖು ಒತ್ತಿದೆ, ಹೋದ ತಾರೀಖೂ ಒತ್ತಿದೆ. ನಗಬೇಡಿ, ನಮ್ಮ ಲಗ್ನದ ತಾರೀಖನ್ನೂ ಒತ್ತಿದೆ. ಯಾವುದಕ್ಕೂ ಅದು ಬಗ್ಗಲಿಲ್ಲ. ನಿಮ್ಮ ಕೈಯ ಕೆಲಸ ಯಾವಾಗಲೂ ಗಟ್ಟಿಯೇ.

ಅಂದು ಮಸ್ಕಿಯಲ್ಲಿ ಆ ನರ್ಸು ಕೂಸನ್ನು ನೋಡದೆ ಕೊಟ್ಟಳು. ಬಳಗಾನೂರಿನಲ್ಲಿ ಕನಕಮ್ಮ ಮನುಷ್ಯನನ್ನು ನೋಡದೆ ನಿಲ್ಲಿಸುತ್ತಾಳೆ. ಎರಡಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೇರ ಶಾಲೆಗೇ ಹೋಗಿ, ಯಂತ್ರಗಳನ್ನು ಕೂಡಿಸಿಕೊಂಡು ಬೀಗ ತೆಗೆದು, ಬಂದ ಬಸ್ಸಿಗೇ ತಿರುಗಿ ಹೋಗಿ. ನಾನು ಅಡ್ಡ ಬರುವುದಿಲ್ಲ.

ದ್ಯಾವಪ್ಪನ ತಾಯಿ,
ಸೂಗಮ್ಮ

ಮತ್ತೆ: ಒಂದು ಮಾತು ಬರೆಯಬಾರದೆಂದುಕೊಂಡಿದ್ದೆ, ಆದರೆ ಬರೆಯದೆ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ನಿನ್ನೆ ಅಧ್ಯಕ್ಷರು ನಿಮಗೆ ಫೋನ್ ಮಾಡಿ, ನಮ್ಮ ಸ್ಟಾಫಿನಲ್ಲಿ ಒಬ್ಬಳು ಹೀಗೆ ಮಾಡಿದ್ದಾಳೆ ಎಂದು ಹೆಸರು ಹೇಳದೆ ನಿಮ್ಮ ಅಭಿಪ್ರಾಯ ಕೇಳಿದರಲ್ಲ, ಆಗ ನಾನು ಅವರ ಮೇಜಿನೆದುರೇ ನಿಂತಿದ್ದೆ. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದರು. ನಿಮ್ಮ ದನಿ ಕೇಳಿ ಮೊದಲು ಖುಷಿಯೇ ಆಯಿತು. “ನಿಲ್ಲಿಸು ಅಂದ ಮ್ಯಾಲೂ ಕೊಟ್ಟಾಳ ಅಂದ್ರ ಅಕಿ ನರ್ಸ್ ಅಲ್ರೀ. ಅಂಥಾಕಿನ್ನ ಇವತ್ತ ಮನಿಗೆ ಕಳಸ್ರಿ, ಯಾರದರ ಕೂಸು ಉಳೀತದ” ಅಂದಿರಿ. ಪಂಪಣ್ಣನಿಗೆ ಕೊಟ್ಟವಳು ನಾನು. ನೀವು ಹೇಳಿದಂತೆ ನನ್ನನ್ನು ನಿನ್ನೆಯೇ ಮನೆಗೆ ಕಳಿಸಿದರು. ಸೋಮವಾರ ಬಳಗಾನೂರಿನಲ್ಲಿ ಕನಕಮ್ಮನ ಪಕ್ಕದಲ್ಲಿ ನಾನಿರುವುದಿಲ್ಲ, ನಿಮ್ಮ ಯಂತ್ರವಿರುತ್ತದೆ.